ಹಸಿಮಣ್ಣಿನ ಮೇಲಿನ ಗೆರೆ

ಹುಣಸೂರು, ಪಿರಿಯಾಪಟ್ಟಣದ ಸಂತೆಗಳಲ್ಲಿ ಮಡಕೆ ಕೊಳ್ಳುವ ತಾಯಂದಿರನ್ನು ನೀವು ನೋಡಿರಬಹುದು. ಅವರು ಮೊದಲು ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿಯುತ್ತಾರೆ. ಬಲಗೈ ಬೆರಳಿನ ಗೆಣ್ಣಿನಿಂದ ಎರಡು ಸಾರಿ ತಟ್ಟುತ್ತಾರೆ. ಕಂಚಿನ ಪಾತ್ರೆಯಂತೆ ‘ಟಣ್’ ಎಂದರೆ ಮಡಕೆ ಚೆನ್ನಾಗಿ ಬೆಂದಿದೆ. ‘ದಬ್’ ಎಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಅರೆಬೆಂದಿದೆ. ಆಮೇಲೆ ಬಾಯಿಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಬೆಲೆ ಕೇಳುತ್ತಾರೆ. ಅದರ ಕೊರಳಿನ ಸುತ್ತ ಎಳೆದಿರುವ ಗೆರೆಗಳನ್ನಾಗಲಿ, ಅಂಚಿನಲ್ಲಿ ಒತ್ತಿರುವ ಬೆರಳ ಗುರುತುಗಳನ್ನಾಗಲಿ ಯಾರೂ ಬೇರೆಯಾಗಿ ನೋಡುವುದಿಲ್ಲ. ಅವು ಮಡಕೆಯ ಜೊತೆಗೇ ಹುಟ್ಟಿಬಂದವೇನೋ ಎಂಬಂತೆ ಇರುತ್ತವೆ.

ಪ್ರಿಯ ಓದುಗರೇ, ಈ ವಾರ ನಾವು ಆ ಗೆರೆಗಳ ಕುರಿತೇ ಸ್ವಲ್ಪ ಯೋಚಿಸೋಣ. ಕುಂಬಾರ ಮತ್ತು ಜೇಡಿಮಣ್ಣಿನ ಹೋಲಿಕೆಯನ್ನು ನಾವು ಬಲಿಪೂಜೆಯ ಪ್ರಬೋಧನೆಗಳಲ್ಲಿ ಅನೇಕ ಸಾರಿ ಕೇಳಿದ್ದೇವೆ. ಆದರೆ ಹೋಲಿಕೆ ಅರ್ಥವಾಗಬೇಕಾದರೆ ಕೆಲಸ ಗೊತ್ತಿರಬೇಕು. ಕೆಲಸ ತಿಳಿದವರಿಗೆ ಪವಿತ್ರ ಬೈಬಲಿನ ಮಾತು ಇನ್ನೂ ಆಳವಾಗಿ ನಾಟುತ್ತದೆ.

ಮಣ್ಣು ಮಡಕೆಯಾಗುವ ಬಗೆ

ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಕುಂಬಾರರು ಕೆರೆಯಂಗಳದ ಜೇಡಿಮಣ್ಣನ್ನು ತೋಡಿ ತರುತ್ತಾರೆ. ಅದನ್ನು ಒಣಗಿಸಿ, ಹೆಂಟೆ ಒಡೆದು, ಕಲ್ಲು ಮತ್ತು ಬೇರು ಆರಿಸಿ, ಗುಂಡಿಯಲ್ಲಿ ನೆನೆಹಾಕುತ್ತಾರೆ. ಬರಿಯ ಜೇಡಿಮಣ್ಣು ಒಣಗುವಾಗ ಬಹಳ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಆದ್ದರಿಂದ ಅದಕ್ಕೆ ಸಣ್ಣ ಮರಳನ್ನು, ಕೆಲವು ಕಡೆ ಬೂದಿಯನ್ನೋ ಲದ್ದಿಯನ್ನೋ ಬೆರೆಸಿ, ಕಾಲಿನಿಂದ ತುಳಿದು ಹದಕ್ಕೆ ತರುತ್ತಾರೆ. ಒಳಗೆ ಒಂದು ಚಿಕ್ಕ ಕಲ್ಲು ಉಳಿದರೂ ಬೆಂಕಿಯಲ್ಲಿ ಅದು ಮಡಕೆಯನ್ನು ಒಡೆಯಬಲ್ಲದು.

ಬಳಿಕ ಮಣ್ಣಿನ ಮುದ್ದೆ ತಿಗರಿಯ ಮೇಲೆ ಏರುತ್ತದೆ. ಕೋಲಿನಿಂದ ಚಕ್ರವನ್ನು ತಿರುಗಿಸಿ, ಆ ವೇಗ ಇಳಿಯುವ ಮೊದಲೇ ಕುಂಬಾರ ಬಾಯಿ ಮತ್ತು ಕೊರಳನ್ನು ಎತ್ತುತ್ತಾನೆ. ಈ ಹಂತದಲ್ಲಿ ಮಡಕೆಯ ಗೋಡೆ ದಪ್ಪವಾಗಿಯೇ ಇರುತ್ತದೆ. ಅದನ್ನು ದಾರದಿಂದ ಕತ್ತರಿಸಿ ನೆರಳಿನಲ್ಲಿ ಇಡುತ್ತಾರೆ. ಅರ್ಧ ಒಣಗಿದ ಮೇಲೆ ಒಳಗೆ ಗುಂಡುಕಲ್ಲನ್ನು ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ತಟ್ಟಿದಂತೆಲ್ಲ ಗೋಡೆ ತೆಳುವಾಗಿ, ಹೊಟ್ಟೆ ಅಗಲವಾಗಿ, ತಳ ಮುಚ್ಚಿ ದುಂಡಗಾಗುತ್ತದೆ. ಒಳಗಿನ ಕೈ ಆಸರೆ ಕೊಡದೆ ಹೊರಗಿನ ಕೈ ಬಡಿದರೆ ಮಡಕೆ ತೂತು ಬೀಳುತ್ತದೆ. ಮಕ್ಕಳನ್ನು ಗದರಿಸುವ ನಮಗೆಲ್ಲ ಇದು ಗೊತ್ತಿರಬೇಕಾದ ವಿಷಯ.

ತಳ ದುಂಡಗಿರುವುದಕ್ಕೂ ಕಾರಣವಿದೆ. ಮೂಲೆಯಿಲ್ಲದ ತಳಕ್ಕೆ ಒಲೆಯ ಶಾಖ ಸಮನಾಗಿ ಹರಡುತ್ತದೆ. ಬಿರುಕು ಬಿಡುವುದು ಕಡಿಮೆ. ಮೂರು ಕಲ್ಲಿನ ಒಲೆಯ ಮೇಲೆ ಅದು ಚೆನ್ನಾಗಿ ಕೂರುತ್ತದೆ. ನೆಲದ ಮೇಲೆ ಇಡುವಾಗ ಹುಲ್ಲಿನ ಸಿಂಬಿ ಸಾಕು.

ಸಾಮಾನ್ಯವಾಗಿ ತಿಗರಿಯ ಮುಂದೆ ಕೂರುವವರು ಗಂಡಸರು. ಮಣ್ಣು ಹದಮಾಡುವುದು, ಕೆಮ್ಮಣ್ಣು ಬಳಿಯುವುದು, ಉಜ್ಜಿ ಹೊಳಪು ತರುವುದು, ಸಂತೆಯಲ್ಲಿ ಕುಳಿತು ಮಾರುವುದು ಬಹುಮಟ್ಟಿಗೆ ಹೆಂಗಸರ ಪಾಲು. ಆದುದರಿಂದ ‘ಕುಂಬಾರ ಮಾಡಿದ ಮಡಕೆ’ ಎಂದು ನಾವು ಹೇಳಿದರೂ, ಅದು ಒಂದು ಕುಟುಂಬ ಮಾಡಿದ ಮಡಕೆ. ಅದರ ಅಂದದಲ್ಲಿ ತಾಯಿಯ ಮತ್ತು ಹೆಣ್ಣುಮಕ್ಕಳ ಕೈ ಇರುತ್ತದೆ.

ಕೊನೆಯದು ಬೆಂಕಿ. ಆವಿಗೆಯಲ್ಲಿ ಮಡಕೆಗಳನ್ನು ಒತ್ತಾಗಿ ಜೋಡಿಸಿ, ಬೆರಣಿ, ಸೌದೆ, ತೆಂಗಿನ ಮಟ್ಟೆ ತುಂಬಿ, ಮೇಲೆ ಹುಲ್ಲು ಹರಡಿ ಮಣ್ಣಿನಿಂದ ಮೆತ್ತುತ್ತಾರೆ. ಮೊದಲು ಬರೀ ಹೊಗೆ, ಸಣ್ಣ ಶಾಖ. ಮಣ್ಣಿನೊಳಗೆ ಉಳಿದ ನೀರು ಹೊರಟುಹೋದ ನಂತರವೇ ದೊಡ್ಡ ಉರಿ. ಕಂಪಲಾಪುರದ ಸುತ್ತಿನ ಊರುಗಳಲ್ಲಿ ಹೊಗೆಸೊಪ್ಪು ಬೆಳೆಯುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾರನ್ನಿನಲ್ಲಿ ಎಲೆ ಕಟ್ಟಿದ ಮೊದಲ ದಿನವೇ ಉರಿ ಏರಿಸಿದರೆ ಏನಾಗುತ್ತದೆಂದು ಅವರು ಬಲ್ಲರು. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕಡೆಗೆ ದಂಟು ಒಣಗಬೇಕು; ಒಂದೊಂದಕ್ಕೂ ಅದರದೇ ಶಾಖ, ಅದರದೇ ಸಮಯ. ರಾತ್ರಿಯೆಲ್ಲ ಎದ್ದು ನೋಡಬೇಕು. ಕುಂಬಾರನೂ ಹಾಗೆಯೇ ಕಾಯುತ್ತಾನೆ. ಶಾಖ ಸುಮಾರು 500 ರಿಂದ 600 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಣ್ಣಿನ ಗುಣವೇ ಬದಲಾಗುತ್ತದೆ. ಅಲ್ಲಿಯವರೆಗೆ ನೀರು ಹಾಕಿದರೆ ಮತ್ತೆ ಕೆಸರಾಗುತ್ತಿದ್ದದ್ದು, ಇನ್ನು ಮುಂದೆ ಎಂದೂ ಕೆಸರಾಗದು. ಗಾಳಿ ಆಡುವಂತೆ ಸುಟ್ಟರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಮಡಕೆ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆಯಲ್ಲಿ ಸುಟ್ಟರೆ ಕಪ್ಪಾಗುತ್ತದೆ.

ಅಲಂಕಾರಕ್ಕೂ ಒಂದು ಕೆಲಸ

ಈಗ ಅಲಂಕಾರದ ವಿಷಯಕ್ಕೆ ಬರೋಣ. ಹಳ್ಳಿಯ ಮಡಕೆಯ ಮೇಲಿನ ಪ್ರತಿಯೊಂದು ಗುರುತನ್ನೂ ‘ಇದು ಏಕೆ?’ ಎಂದು ಕೇಳಿ ನೋಡಿ, ಬಹುಪಾಲು ಗುರುತುಗಳಿಗೆ ಉತ್ತರ ಸಿಗುತ್ತದೆ.

ಕೊರಳಿನ ಸುತ್ತ ಇರುವ ಗೆರೆಗಳು ಚಕ್ರ ತಿರುಗುತ್ತಿರುವಾಗಲೇ ಉಗುರಿನಿಂದಲೋ ಬಿದಿರಿನ ಚೂರಿನಿಂದಲೋ ಎಳೆದವು. ನೀರು ತುಂಬಿದ, ಒದ್ದೆಯಾದ ಮಡಕೆ ಕೈಯಿಂದ ಜಾರದಂತೆ ಆ ಒರಟು ಭಾಗ ಹಿಡಿತ ಕೊಡುತ್ತದೆ. ಬಾಯಿಯ ಅಂಚನ್ನು ಹೊರಕ್ಕೆ ಮಡಚಿ ಬೆರಳಿನಿಂದ ಒತ್ತಿದ ಸಾಲು ಹೂವಿನ ಎಸಳಿನಂತೆ ಕಾಣುತ್ತದೆ. ಆದರೆ ಮಡಚಿದ್ದರಿಂದ ಅಂಚು ದಪ್ಪವಾಗಿ, ಸೌಟು ತಗುಲಿದರೂ ಬೇಗ ಚಕ್ಕೆ ಏಳುವುದಿಲ್ಲ. ಕಾಳು ತುಂಬುವ ವಾಡೆ, ನೀರು ತುಂಬುವ ಗುಡಾಣದಂತಹ ದೊಡ್ಡ ಪಾತ್ರೆಗಳನ್ನು ಒಂದೇ ಸಾರಿಗೆ ಎತ್ತಲಾಗದು. ಅವನ್ನು ಭಾಗ ಭಾಗವಾಗಿ ಮಾಡಿ ಕೂಡಿಸುತ್ತಾರೆ. ಕೂಡಿಸಿದ ಜಾಗವೇ ಎಲ್ಲಕ್ಕಿಂತ ದುರ್ಬಲ. ಆದ್ದರಿಂದ ಅಲ್ಲಿ ಮಣ್ಣಿನ ಪಟ್ಟಿಯೊಂದನ್ನು ಸುತ್ತಿ, ಹೆಬ್ಬೆರಳಿನಿಂದ ಒತ್ತುತ್ತಾ ಹೋಗುತ್ತಾರೆ. ನೋಡುವವರಿಗೆ ಅದು ಹುರಿ ಹೊಸೆದ ಹಗ್ಗದಂತೆ ಕಾಣುತ್ತದೆ. ಪಾತ್ರೆಯ ಅತ್ಯಂತ ಅಶಕ್ತ ಜಾಗವೇ ಅದರ ಅತ್ಯಂತ ಅಂದದ ಜಾಗವಾಗುತ್ತದೆ.

ಕೆಮ್ಮಣ್ಣಿನ ತಿಳಿಯನ್ನು ಬಳಿದು, ನುಣುಪಾದ ಹೊಳೆಗಲ್ಲಿನಿಂದ ಉಜ್ಜಿದರೆ ಮಡಕೆಗೆ ಹೊಳಪು ಬರುತ್ತದೆ. ಅದರಿಂದ ಮೈಯ ಸಣ್ಣ ರಂಧ್ರಗಳು ಒಂದಿಷ್ಟು ಮುಚ್ಚಿ, ಸಾರು ಜಿನುಗುವುದು ತಗ್ಗುತ್ತದೆ. ನೀರಿನ ಮಡಕೆಗೆ ಮಾತ್ರ ರಂಧ್ರಗಳು ಬೇಕು. ಒಳಗಿನ ನೀರು ಅಲ್ಲಿಂದ ಸೂಕ್ಷ್ಮವಾಗಿ ಜಿನುಗಿ ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ, ನೀರು ತಣ್ಣಗಾಗುತ್ತದೆ. ಇಂದು ಪೇಟೆಗಳಲ್ಲಿ ಎಣ್ಣೆಬಣ್ಣ ಬಳಿದು, ಹೂಬಳ್ಳಿ ಬರೆದ ಮಡಕೆಗಳು ಸಿಗುತ್ತವೆ. ನೋಡಲು ಚಂದವೇ. ಆದರೆ ಬಣ್ಣ ಮೈಯನ್ನೆಲ್ಲ ಮುಚ್ಚಿಬಿಡುವುದರಿಂದ ಅದರಲ್ಲಿ ನೀರು ತಂಪಾಗುವುದಿಲ್ಲ. ಷೋಕೇಸಿಗೆ ಆಗಬಹುದು, ಬಾಯಾರಿದವನಿಗೆ ಆಗದು.

ಸುಟ್ಟ ಮೇಲೆ ಬಣ್ಣ ಬರೆಯುವ ಪದ್ಧತಿಯೂ ನಮ್ಮಲ್ಲಿ ಇಲ್ಲದಿಲ್ಲ. ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಗಳ ಮದುವೆಗಳಲ್ಲಿ ಕುಂಬಾರರ ಮನೆಯಿಂದ ಅರಿವೇಣಿ ಮಡಕೆಗಳನ್ನು ವಾದ್ಯದೊಂದಿಗೆ ತರುವ ಪದ್ಧತಿಯುಂಟು. ಅರೇಣಿ, ಐರಣಿ ಎಂದು ಊರಿಗೊಂದು ಹೆಸರು. ಅವುಗಳ ಮೇಲೆ ಸುಣ್ಣದಿಂದಲೂ ಕೆಮ್ಮಣ್ಣಿನಿಂದಲೂ ಪಟ್ಟೆ ಎಳೆದಿರುತ್ತಾರೆ. ಉಳಿದ ದಿನಗಳಲ್ಲಿ ಹಿಂದೆ ಉಳಿದ ಕುಂಬಾರನ ಮನೆಗೆ ಅಂದು ಮದುವೆಯ ಮನೆಯವರೇ ನಡೆದುಹೋಗುತ್ತಾರೆ. ಈ ಪದ್ಧತಿ ನಮ್ಮ ಧರ್ಮಸಭೆಯದಲ್ಲದಿದ್ದರೂ, ಕೈಕೆಲಸದವನಿಗೆ ಮೊದಲ ಗೌರವ ಸಲ್ಲಿಸುವ ಅದರ ಭಾವನೆ ನಮಗೂ ಮೆಚ್ಚುಗೆಯಾಗಬೇಕು.

ಸಾವಿರಾರು ವರ್ಷಗಳ ಬೆರಳ ಗುರುತು

ಈ ಗೆರೆಗಳು ನಿನ್ನೆ ಮೊನ್ನೆಯವಲ್ಲ. ನಮ್ಮದೇ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಯರ ಸಂಗಮದ ಬಳಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಜನರು ಬಳಸಿದ ಮಡಕೆಗಳು ದೊರೆತಿವೆ. ತಿಗರಿ ಬಳಕೆಗೆ ಬರುವ ಮೊದಲು, ಬರಿಗೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳು ಆ ಕಾಲದವು. ಕರ್ನಾಟಕದ ನವಶಿಲಾಯುಗದ ಕೆಲವು ನೆಲೆಗಳಲ್ಲಿ, ಸುಟ್ಟ ನಂತರ ಕೆಮ್ಮಣ್ಣಿನಿಂದ ಪಟ್ಟೆ ಬಳಿದ ಮಡಕೆಗಳೂ ಸಿಕ್ಕಿವೆ. ಅಂತಹ ಬಣ್ಣ ಉಜ್ಜಿದರೆ ಹೋಗಿಬಿಡುತ್ತದೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಉತ್ಖನನ ನಡೆಸಿದಾಗ ಮತ್ತೊಂದು ಬಗೆಯ ಮಡಕೆಗಳು ಬೆಳಕಿಗೆ ಬಂದವು. ಕ್ರಿಸ್ತಶಕದ ಮೊದಲ ಶತಮಾನಗಳ ಸುಮಾರಿನವು. ಅವುಗಳ ಮೇಲೆ ಬಿಳಿಯ ಗೆರೆಗಳ ಚಿತ್ತಾರವಿದ್ದು, ಅದರ ಮೇಲೆ ಕಂದುಗೆಂಪು ಲೇಪವಿದೆ. ಲೇಪದ ಅಡಿಯಲ್ಲಿ ಬರೆದದ್ದರಿಂದ ಆ ಗೆರೆಗಳು ಹತ್ತೊಂಬತ್ತು ಇಪ್ಪತ್ತು ಶತಮಾನ ಮಣ್ಣಿನಲ್ಲಿ ಹೂತಿದ್ದರೂ ಕಾಣುತ್ತವೆ. ಮೇಲೆ ಬಳಿದದ್ದು ಉಜ್ಜಿದರೆ ಹೋಗುವುದು, ಬೆಂಕಿಗಿಂತ ಮೊದಲು ಒಳಗೆ ಬರೆದದ್ದು ಉಳಿಯುವುದು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದೋಣ.

ಅದೇ 1947ರಲ್ಲಿ ಪ್ರಭು ಯೇಸುವಿನ ನಾಡಿನಲ್ಲೂ ಮಡಕೆಗಳ ಸುದ್ದಿಯೇ ಆಯಿತು. ಮೃತಸಮುದ್ರದ ದಡದ ಕುಮ್ರಾನಿನ ಗವಿಯೊಂದರಲ್ಲಿ ಕುರಿ ಮೇಯಿಸುವವರಿಗೆ ಮಣ್ಣಿನ ಉದ್ದ ಜಾಡಿಗಳು ಸಿಕ್ಕಿದವು. ಆ ಗವಿಯಿಂದ ದೊರೆತ ಸುರುಳಿಗಳಲ್ಲಿ ಪ್ರವಾದಿ ಯೆಶಾಯನ ಗ್ರಂಥದ ಪೂರ್ಣ ಪ್ರತಿಯೂ ಇತ್ತು. ದೇವರೇ ಕುಂಬಾರ, ನಾವೆಲ್ಲ ಆತನ ಕೈಯ ಮಣ್ಣು ಎಂದು ಅರಿಕೆ ಮಾಡಿಕೊಳ್ಳುವ 64ನೆಯ ಅಧ್ಯಾಯವೂ ಅದರಲ್ಲಿದೆ. ಚಿತ್ತಾರವಿಲ್ಲದ ಸಾದಾ ಜಾಡಿಗಳು ಸುಮಾರು ಎರಡು ಸಾವಿರ ವರ್ಷ ದೇವರ ವಾಕ್ಯಕ್ಕೆ ಮನೆಯಾಗಿದ್ದವು.

ಸಿರಾಖನು ಕಂಡ ಕುಂಬಾರ

ಪವಿತ್ರ ಬೈಬಲಿನಲ್ಲಿ ಕುಂಬಾರನನ್ನು ಹತ್ತಿರದಿಂದ ನೋಡಿ ಬರೆದ ಭಾಗವೊಂದು ಸಿರಾಖನ ಗ್ರಂಥದಲ್ಲಿದೆ. ನಮ್ಮ ಕಥೋಲಿಕ ಬೈಬಲಿನಲ್ಲಿರುವ ಈ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿನೋಡಿ. ಕುಂಬಾರ ಕೂತಲ್ಲೇ ಕಾಲಿನಿಂದ ಚಕ್ರ ತಿರುಗಿಸುತ್ತಾನೆ, ತೋಳಿನಿಂದ ಮಣ್ಣನ್ನು ಹದಕ್ಕೆ ತರುತ್ತಾನೆ, ಪಾತ್ರೆಗೆ ಹೊಳಪು ಕೊಡುವುದರಲ್ಲೇ ಮನಸ್ಸಿಟ್ಟಿರುತ್ತಾನೆ, ಆವಿಗೆಯನ್ನು ಶುಚಿ ಮಾಡಲು ನಿದ್ದೆಗೆಡುತ್ತಾನೆ ಎಂಬುದು ಅಲ್ಲಿನ ವರ್ಣನೆಯ ಸಾರ. ಅಲಂಕಾರವನ್ನು ಸಿರಾಖನು ಕಡೆಗಣಿಸಲಿಲ್ಲ. ಹೊಳಪು ಕೊಡುವುದಕ್ಕೂ ಒಂದು ಏಕಾಗ್ರತೆ ಬೇಕು ಎಂದು ಕಂಡುಕೊಂಡ.

ಮುಂದೆ ಆತ ಹೇಳುವ ವಿಷಯ ನಮ್ಮನ್ನು ಚುಚ್ಚುವಂಥದ್ದು. ಇಂಥ ಕೈಕೆಲಸದವರಿಲ್ಲದೆ ಯಾವ ಪಟ್ಟಣವೂ ನಿಲ್ಲದು. ಆದರೂ ಸಭೆ ಸೇರಿದಾಗ ಅವರನ್ನು ಯಾರೂ ಮುಂದಕ್ಕೆ ಕರೆಯುವುದಿಲ್ಲ. ಲೋಕದ ವ್ಯವಸ್ಥೆಯನ್ನು ಎತ್ತಿಹಿಡಿದವರು ಅವರೇ. ಅವರ ಕಸುಬಿನ ಕೆಲಸವೇ ಅವರ ಪ್ರಾರ್ಥನೆ. ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲೂ ದುಡಿಯುವವನ ಘನತೆಯನ್ನೇ ಎತ್ತಿಹಿಡಿದರು. ನಮ್ಮ ನಾಡಿನಲ್ಲೂ ಈ ಭಾವನೆ ಹೊಸದಲ್ಲ. ಭಾಲ್ಕಿಯ ಕುಂಬಾರ ಗುಂಡಯ್ಯನು ಮಡಕೆ ತಟ್ಟುವ ಕಾಯಕದಲ್ಲೇ ದೇವರನ್ನು ಒಲಿಸಿಕೊಂಡನೆಂಬ ಕಥೆಯನ್ನು ಹರಿಹರ ಕವಿ ರಗಳೆಯಾಗಿ ಬರೆದಿದ್ದಾನೆ.

ಒಂದು ಪ್ರಶ್ನೆ: ಕುಂಬಾರನ ಹೋಲಿಕೆಯನ್ನು ಕೇಳಿ ತಲೆದೂಗುವ ನಾವು, ಕುಂಬಾರನಿಂದ ಕಡೆಯ ಸಾರಿ ಮಡಕೆ ಕೊಂಡದ್ದು ಯಾವಾಗ? ಸ್ಟೀಲು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು ಅಡುಗೆಮನೆಗೆ ಬಂದವು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಕುಂಬಾರರು ಕೈಯಿಂದ ಮಾಡುತ್ತಿದ್ದ ನಾಡಹೆಂಚಿನ ಬೇಡಿಕೆಯೂ ಕ್ರಮೇಣ ಕುಗ್ಗಿತು. ಖಾದಿ ಗ್ರಾಮೋದ್ಯೋಗ ಆಯೋಗವು ವಿದ್ಯುತ್ ತಿಗರಿಗಳನ್ನು ಹಂಚಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕುಂಬಾರಿಕೆಯ ತರಬೇತಿಗೆ ಕೇಂದ್ರ ಸಂಸ್ಥೆಯೂ ಇದೆ. ಇವೆಲ್ಲ ಒಳ್ಳೆಯವೇ. ಆದರೆ ಕೊಳ್ಳುವವರಿಲ್ಲದೆ ತಿಗರಿ ಎಷ್ಟು ದಿನ ತಿರುಗೀತು? ಸಾವಿರಾರು ರೂಪಾಯಿಯ ಮೊಬೈಲನ್ನು ಚೌಕಾಶಿ ಮಾಡದೆ ಕೊಳ್ಳುವ ನಾವು, ಬಿಸಿಲಿನಲ್ಲಿ ಕೂತ ಅವ್ವನ ಬಳಿ ಐದು ರೂಪಾಯಿಗೆ ಜಗ್ಗಾಡುವುದು ಕ್ರೈಸ್ತ ನಡತೆಯಲ್ಲ.

ಯೆರೆಮೀಯನ ಎರಡು ಮಡಕೆಗಳು

ಪ್ರವಾದಿ ಯೆರೆಮೀಯನು ಕುಂಬಾರನ ಮನೆಗೆ ಹೋದ ಕಥೆ 18ನೆಯ ಅಧ್ಯಾಯದಲ್ಲಿದೆ. ಮಾಡುತ್ತಿದ್ದ ಪಾತ್ರೆ ಕೈಯಲ್ಲೇ ಕೆಟ್ಟುಹೋಯಿತು. ಕುಂಬಾರ ಅದೇ ಮಣ್ಣಿನಿಂದ ತನಗೆ ಸರಿಕಂಡಂತೆ ಮತ್ತೊಂದನ್ನು ಮಾಡಿದ. ಇದು ಎಲ್ಲರಿಗೂ ಗೊತ್ತು. ಆದರೆ ಮುಂದಿನ 19ನೆಯ ಅಧ್ಯಾಯದಲ್ಲಿ ಇನ್ನೊಂದು ಮಡಕೆ ಬರುತ್ತದೆ. ಅದು ಕೊಂಡುತಂದ ಮಡಕೆ, ಅಂದರೆ ಸುಟ್ಟದ್ದು. ಹಿರಿಯರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ಅವರ ಕಣ್ಣೆದುರಿಗೆ ಪ್ರವಾದಿ ಅದನ್ನು ಒಡೆದುಹಾಕಿದ. ಅದು ಮತ್ತೆ ಮೊದಲಿನಂತಾಗದು ಎಂಬುದೇ ಆ ಎಚ್ಚರಿಕೆಯ ಅರ್ಥ.

ಎರಡು ಮಡಕೆಗಳ ಮಣ್ಣಿನಲ್ಲಿ ವ್ಯತ್ಯಾಸವಿಲ್ಲ. ಒಂದು ಹಸಿ, ಇನ್ನೊಂದು ಸುಟ್ಟದ್ದು, ಇಷ್ಟೇ. ಹಸಿಯಾಗಿರುವಾಗ ತಪ್ಪನ್ನು ತಿದ್ದಬಹುದು, ಗೆರೆ ಎಳೆಯಬಹುದು, ಕೂಡಿಸಬಹುದು. ಸುಟ್ಟ ಮೇಲೆ ಅದೇ ಗೆರೆ ಎಳೆಯಲು ಹೋದರೆ ಗೀಚಿದಂತಾಗುತ್ತದೆ, ಹೆಚ್ಚು ಒತ್ತಿದರೆ ಒಡೆಯುತ್ತದೆ.

ಕುಟುಂಬದಲ್ಲೂ ಹಸಿಮಣ್ಣಿನ ಕಾಲ ಎಂಬುದೊಂದಿದೆ. ಮಕ್ಕಳಿಗೆ ಅದು ಹತ್ತು ಹನ್ನೆರಡು ವರ್ಷದವರೆಗಿನ ಕಾಲ. ಸಂಜೆ ಜಪಸರಕ್ಕೆ ಮೊಣಕಾಲೂರುವುದು, ಊಟಕ್ಕೆ ಮೊದಲು ಶಿಲುಬೆಯ ಗುರುತು, ತಪ್ಪು ಮಾಡಿದಾಗ ‘ತಪ್ಪಾಯ್ತು’ ಎನ್ನುವುದು, ಮನೆಗೆ ಬಂದವರಿಗೆ ನೀರು ಕೊಡುವುದು: ಇವೆಲ್ಲ ಆಗ ಉಗುರಿನಿಂದ ಎಳೆದರೂ ಮೂಡುವ ಗೆರೆಗಳು. ಹದಿನೆಂಟು ದಾಟಿದ ಮೇಲೆ ‘ನಮ್ಮ ಹುಡುಗ ದೇವಾಲಯಕ್ಕೇ ಬರುವುದಿಲ್ಲ ಫಾದರ್, ನೀವೇ ಬುದ್ಧಿ ಹೇಳಿ’ ಎಂದು ಗುರುಗಳ ಮುಂದೆ ನಿಲ್ಲುವ ತಂದೆತಾಯಿ, ಆ ಹುಡುಗನಿಗೆ ಎಂಟು ವರ್ಷವಾಗಿದ್ದಾಗ ಭಾನುವಾರಗಳಲ್ಲಿ ತಾವು ಎಲ್ಲಿದ್ದೆವು ಎಂದು ನೆನಪಿಸಿಕೊಳ್ಳಬೇಕು.

ಮದುವೆಯಾಗುವವರಿಗೆ ಹಸಿಮಣ್ಣಿನ ಕಾಲವೆಂದರೆ ನಿಶ್ಚಿತಾರ್ಥದಿಂದ ಮದುವೆಯವರೆಗಿನ ದಿನಗಳು ಮತ್ತು ಮದುವೆಯ ಮೊದಲ ಒಂದೆರಡು ವರ್ಷ. ನಮ್ಮ ಮನೆಗಳಲ್ಲಿ ಆ ದಿನಗಳು ಹೇಗೆ ಕಳೆಯುತ್ತವೆ? ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬರುವ ಮೊದಲೇ ಅದರ ಲೆಕ್ಕ ಮುಗಿದಿರುತ್ತದೆ. ಶಾಮಿಯಾನ, ಕಮಾನು, ಸೀರಿಯಲ್ ಲೈಟು, ವಿಡಿಯೋ, ನೂರಾರು ಎಲೆಯ ಊಟ, ಸಾಲದ್ದಕ್ಕೆ ಸಾಲ. ವಿವಾಹ ಸಿದ್ಧತೆಯ ಶಿಬಿರಕ್ಕೆ ಬನ್ನಿ ಎಂದರೆ ‘ಲಗ್ನಪತ್ರಿಕೆ ಹಂಚುವುದಿದೆ, ಪುರುಸೊತ್ತಿಲ್ಲ’ ಎಂಬ ಉತ್ತರ. ಆಭರಣದ ಅಂಗಡಿಗೆ ಮೂರು ಸಾರಿ ಹೋದವರು, ಒಂದು ಒಳ್ಳೆಯ ಪಾಪನಿವೇದನೆಗೆ ಒಂದು ಸಾರಿ ಬರಲಾರರು. ಇದು ಸುಟ್ಟ ಮಡಕೆಗೆ ಎಣ್ಣೆಬಣ್ಣ ಬಳಿದಂತೆ. ನೆಂಟರು ನೋಡಿ ಹೊಗಳುತ್ತಾರೆ. ಆದರೆ ವರ್ಷ ಕಳೆಯುವಷ್ಟರಲ್ಲಿ ಸಾಲಗಾರ ಬಾಗಿಲಿಗೆ ಬಂದಾಗ, ಗಂಡಹೆಂಡಿರ ನಡುವೆ ಮಾತು ನಿಂತಾಗ, ಆ ಬಣ್ಣ ಯಾರ ಬಾಯಾರಿಕೆಯನ್ನೂ ತಣಿಸುವುದಿಲ್ಲ.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ವರುಷಗಟ್ಟಲೆ ಕಟ್ಟಿದ ಮನೆಯನ್ನು ಒಂದು ಗುಟುಕು ಹೆಚ್ಚು ಕುಡಿದ ರಾತ್ರಿ, ಎತ್ತಿದ ಒಂದು ಕೈ, ಅತ್ತೆಯ ಮುಂದೆ ಸೊಸೆಯ ತವರನ್ನು ಹಂಗಿಸಿದ ಒಂದು ಮಾತು ಒಡೆಯಬಲ್ಲದು.

ದೊಡ್ಡ ಗುಡಾಣದ ಮೇಲಿನ ಆ ಹಗ್ಗದ ಪಟ್ಟಿಯನ್ನು ಮತ್ತೆ ನೆನೆಯಿರಿ. ಎರಡು ಭಾಗ ಕೂಡಿದ ಜಾಗವನ್ನು ಕುಂಬಾರ ಮುಚ್ಚಿಡುವುದಿಲ್ಲ; ಅಲ್ಲಿಯೇ ಇನ್ನಷ್ಟು ಮಣ್ಣಿಟ್ಟು ಒತ್ತುತ್ತಾನೆ. ಮದುವೆಯೂ ಎರಡು ಮನೆಗಳು ಕೂಡಿದ ಜಾಗ. ಅಲ್ಲಿ ದುರ್ಬಲತೆ ಇದ್ದೇ ಇರುತ್ತದೆ. ನಾಚಬೇಕಾದದ್ದು ಏನೂ ಇಲ್ಲ. ದಿನವೂ ಹೆಬ್ಬೆರಳಿನ ಒಂದೊಂದು ಒತ್ತು ಬೇಕು. ರಾತ್ರಿ ಮಲಗುವ ಮೊದಲು ರಾಜಿಯಾಗುವುದು, ಮನೆಯ ಲೆಕ್ಕವನ್ನು ಹೆಂಡತಿಯ ಮುಂದೆ ಬಿಚ್ಚಿಡುವುದು, ಎರಡೂ ಕಡೆಯ ತಂದೆತಾಯಿಯರನ್ನು ಸಮನಾಗಿ ಕಾಣುವುದು, ವಾರಕ್ಕೊಮ್ಮೆಯಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು. ಇಂತಹ ಒತ್ತುಗಳ ಸಾಲೇ ಒಂದು ಕುಟುಂಬದ ಅಲಂಕಾರ.

ಮಣ್ಣಿನ ಪಾತ್ರೆಯಲ್ಲಿ ನಿಧಿ

ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 4ನೆಯ ಅಧ್ಯಾಯದಲ್ಲಿ, ನಮ್ಮಲ್ಲಿರುವ ನಿಧಿಯನ್ನು ಮಣ್ಣಿನ ಪಾತ್ರೆಯಲ್ಲಿಟ್ಟ ನಿಧಿಗೆ ಹೋಲಿಸಿದ್ದಾರೆ. ಶಕ್ತಿ ಪಾತ್ರೆಯದಲ್ಲ, ದೇವರದು ಎಂಬುದು ಅವರ ಮಾತಿನ ತಿರುಳು. ಇಲ್ಲೊಂದು ಗಮನಿಸಬೇಕಾದ ಅಂಶವಿದೆ. ಬಲಿಪೂಜೆಯಲ್ಲಿ ಸುಲಭವಾಗಿ ಒಡೆಯುವ ಮಣ್ಣಿನ ಅಥವಾ ಗಾಜಿನ ಪಾತ್ರೆಗಳನ್ನು ಬಳಸಕೂಡದೆಂದು ಧರ್ಮಸಭೆ 2004ರ ಸೂಚನಾಪತ್ರದಲ್ಲಿ ಸ್ಪಷ್ಟವಾಗಿ ಹೇಳಿದೆ. ಪ್ರಭುವಿನ ಶರೀರ ಮತ್ತು ರಕ್ತಕ್ಕೆ ಸಲ್ಲಬೇಕಾದ ಗೌರವಕ್ಕಾಗಿ ಈ ನಿಯಮ. ಆದರೆ ಬಲಿಪೀಠದ ಚಿನ್ನದ ಪಾತ್ರೆಯಿಂದ ಪರಮಪ್ರಸಾದ ಎಲ್ಲಿಗೆ ಬರುತ್ತದೆ? ನಮ್ಮೊಳಗೆ, ಅಂದರೆ ಮಣ್ಣಿನ ಪಾತ್ರೆಯೊಳಗೆ. ಬಲಿಪೀಠದ ಮೇಲೆ ಒಪ್ಪದ ಮಣ್ಣಿನ ಪಾತ್ರೆಯನ್ನು ಪ್ರಭು ನಮ್ಮಲ್ಲಿ ಒಪ್ಪಿಕೊಂಡಿದ್ದಾರೆ.

ನಮ್ಮ ಪಕ್ಕದ ಕೃಷ್ಣರಾಜನಗರದ ಕಡೆಯ ಡೋರನಹಳ್ಳಿಗೆ ಜೂನ್ 13ರ ಹಬ್ಬಕ್ಕೆ ಜಾತಿಮತ ನೋಡದೆ ಜನ ಬರುತ್ತಾರೆ. ಅಲ್ಲಿನ ಸಂತ ಅಂತೋಣಿಯವರ ಪ್ರತಿಮೆ ಹೊಲ ಉಳುವ ರೈತನೊಬ್ಬನಿಗೆ ಮಣ್ಣಿನೊಳಗೆ ಸಿಕ್ಕಿತೆಂದೂ, ಅದು ಏನೆಂದು ತಿಳಿಯದೆ ಆತ ಮೊದಲು ಬದಿಗೆ ಹಾಕಿಬಿಟ್ಟನೆಂದೂ ಹಿರಿಯರು ಹೇಳುತ್ತಾ ಬಂದಿದ್ದಾರೆ. ಮಣ್ಣಿನಲ್ಲಿರುವ ನಿಧಿಯನ್ನು ಗುರುತಿಸದೆ ಬದಿಗೆ ತಳ್ಳುವ ತಪ್ಪು ಆ ರೈತನದು ಮಾತ್ರವಲ್ಲ. ಹಾಸಿಗೆ ಹಿಡಿದ ಅಜ್ಜಿಯನ್ನು, ಓದಿನಲ್ಲಿ ಹಿಂದಿರುವ ಮಗುವನ್ನು, ಕೂಲಿಗೆ ಬರುವವರನ್ನು ನಾವೂ ಹಾಗೆಯೇ ತಳ್ಳುತ್ತ ಬಂದಿಲ್ಲವೇ?

ಒಡೆದದ್ದಕ್ಕೆ ಏನು ಗತಿ?

ಇಲ್ಲಿಯವರೆಗೆ ಓದಿದ ಯಾರಿಗಾದರೂ ಮನಸ್ಸು ಭಾರವಾಗಿರಬಹುದು. ‘ನಮ್ಮ ಮನೆಯ ಹಸಿಮಣ್ಣಿನ ಕಾಲ ಕಳೆದುಹೋಯಿತು. ಮಗ ದೂರವಾದ. ಮಗಳ ಸಂಸಾರ ಮುರಿಯಿತು. ನಮಗಿನ್ನು ಏನು?’ ಎಂದು ಕೇಳಬಹುದು.

ಹಳ್ಳಿಯಲ್ಲಿ ಒಡೆದ ಮಡಕೆಯನ್ನು ಎಸೆಯುವುದಿಲ್ಲ. ಅರ್ಧ ಮಡಕೆ ಕೋಳಿಗೆ ನೀರಿಡುವ ಬೋಗುಣಿಯಾಗುತ್ತದೆ. ಅಗಲವಾದ ಓಡಿನಲ್ಲಿ ಕೆಂಡ ಒಯ್ಯುತ್ತಾರೆ. ಚಿಕ್ಕ ಬೋಕಿ ಮಕ್ಕಳ ಕುಂಟೆಬಿಲ್ಲೆಯ ಆಟಕ್ಕೆ ಸಿಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ. ಮಣ್ಣಿನ ಕೆಲಸ ಬಲ್ಲವರು ಹಳೆಯ ಬೋಕಿಯನ್ನು ಕುಟ್ಟಿ ಪುಡಿಮಾಡಿ ಹೊಸ ಮಣ್ಣಿಗೆ ಬೆರೆಸುವುದುಂಟು; ಲೋಕದ ಅನೇಕ ಕಡೆ ಪುರಾತನ ಕಾಲದಿಂದಲೂ ಈ ಪದ್ಧತಿಯಿದೆ. ಒಮ್ಮೆ ಬೆಂಕಿಯನ್ನು ಕಂಡ ಆ ಪುಡಿ ಮತ್ತೆ ಕುಗ್ಗುವುದಿಲ್ಲ. ಆದ್ದರಿಂದ ಅದು ಬೆರೆತ ಹೊಸ ಮಡಕೆ ಒಣಗುವಾಗ, ಬೇಯುವಾಗ ಬಿರಿಯುವುದು ಕಡಿಮೆ. ಒಡೆದ ಮಡಕೆ ಮೊದಲಿನಂತಾಗದು, ನಿಜ. ಆದರೆ ಅದು ಇನ್ನೊಂದು ಮಡಕೆ ಒಡೆಯದಂತೆ ಕಾಯಬಲ್ಲದು.

ಲೂಕನ ಶುಭಸಂದೇಶದ 22ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಸಂತ ಪೇತ್ರರ ಬೀಳುವಿಕೆಯನ್ನು ಮುಂಚೆಯೇ ತಿಳಿಸಿ, ತಿರುಗಿಬಂದ ಮೇಲೆ ಸಹೋದರರನ್ನು ದೃಢಪಡಿಸಬೇಕೆಂದು ಅವರಿಗೇ ಜವಾಬ್ದಾರಿ ಕೊಟ್ಟರು. ಬೀಳದವರಿಗೆ ಕೊಡಲಿಲ್ಲ, ಬಿದ್ದು ಅತ್ತವರಿಗೆ ಕೊಟ್ಟರು. ಸಾಲದಲ್ಲಿ ಮುಳುಗಿ ಮೇಲೆದ್ದ ರೈತ ನೆರೆಯ ಯುವಕನ ಬಳಿ ಕೂತು ತನ್ನ ಕಥೆ ಹೇಳಲಿ. ಕುಡಿತ ಬಿಟ್ಟವನು ಇನ್ನೊಬ್ಬನ ಕೈಹಿಡಿಯಲಿ. ಗಂಡನನ್ನು ಕಳೆದುಕೊಂಡೂ ಮಕ್ಕಳನ್ನು ಬೆಳೆಸಿದ ತಾಯಿ ಧರ್ಮಕೇಂದ್ರದ ಹೊಸ ಸೊಸೆಯಂದಿರಿಗೆ ಧೈರ್ಯ ಹೇಳಲಿ. ಬೆಂಕಿಯನ್ನು ಕಂಡವರ ಮಾತು ಹಸಿಮಣ್ಣಿಗೆ ಬಲ ಕೊಡುತ್ತದೆ.

ಕುಟುಂಬದಲ್ಲಿ ಕೂತು ಚಿಂತಿಸಿ

1. ನಮ್ಮ ಮನೆಯಲ್ಲಿ ಹಸಿಮಣ್ಣಿನಂತೆ ಇರುವವರು ಯಾರು? ಈ ವರ್ಷ ಅವರಲ್ಲಿ ನಾವು ಎಳೆಯಬೇಕಾದ ಒಂದು ಗೆರೆ ಯಾವುದು?

2. ಮುಂದಿನ ಮದುವೆ, ನಾಮಕರಣ ಅಥವಾ ಹಬ್ಬದಲ್ಲಿ ಯಾವ ‘ಎಣ್ಣೆಬಣ್ಣ’ದ ಖರ್ಚನ್ನು ಬಿಡಬಹುದು? ಉಳಿದ ಹಣ ಯಾವ ಸಾಲವನ್ನು ತೀರಿಸೀತು, ಯಾರ ಹಸಿವನ್ನು ತಣಿಸೀತು?

3. ನಮ್ಮ ಮನೆ ಕೂಡಿದ ಜಾಗ ಎಲ್ಲಿ ಸಡಿಲವಾಗಿದೆ? ಅಲ್ಲಿ ಈ ರಾತ್ರಿಯೇ ಒತ್ತಬೇಕಾದ ಹೆಬ್ಬೆರಳು ಯಾರದು?

4. ಈ ಬೇಸಿಗೆಯಲ್ಲಿ ಕುಂಬಾರರಿಂದ ಒಂದು ನೀರಿನ ಮಡಕೆ ಕೊಂಡುತಂದು, ದಾರಿಹೋಕರಿಗಾಗಿ ಬಾಗಿಲ ಬಳಿ ಇಡಬಹುದೇ?

ಪ್ರಾರ್ಥನೆ

ನಮ್ಮನ್ನು ಮಣ್ಣಿನಿಂದ ರೂಪಿಸಿದ ತಂದೆಯೇ, ನಮ್ಮ ಮನೆಯನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ನಮ್ಮೊಳಗೆ ಉಳಿದ ಕಲ್ಲುಗಳನ್ನು ಆರಿಸಿ ತೆಗೆಯಿರಿ. ಹೊರಗಿನಿಂದ ತಟ್ಟುವಾಗ ಒಳಗಿನಿಂದ ಹಿಡಿದುಕೊಳ್ಳಿರಿ. ನಮ್ಮ ಮಕ್ಕಳ ಮೇಲೆ ಬೆಂಕಿಗೂ ಅಳಿಯದ ಗೆರೆಗಳನ್ನು ಮೂಡಿಸಿರಿ. ಒಡೆದವರನ್ನು ಎಸೆಯದೆ, ಇನ್ನೊಬ್ಬರಿಗೆ ಬಲವಾಗುವಂತೆ ಮಾಡಿರಿ. ಬಿಸಿಲಿನಲ್ಲಿ ಮಡಕೆ ಹೊತ್ತು ಮಾರುವ ನಮ್ಮ ಸೋದರ ಸೋದರಿಯರ ಕೈಗಳನ್ನು ಆಶೀರ್ವದಿಸಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಈ ಪ್ರಾರ್ಥನೆಯನ್ನು ಸಲ್ಲಿಸುತ್ತೇವೆ. ಆಮೆನ್.